ಹನ್ನೊಂದು ಭಾನುವಾರ

ಉಗ್ರಪ್ಪ ಮೊದಲ ಸಲ ನಮ್ಮ ಮನೆಗೆ ಬಂದದ್ದು ನನ್ನನ್ನು ಹುಡುಕಿಕೊಂಡಲ್ಲ, ನಮ್ಮಪ್ಪನನ್ನು.

"ಕಾಟಲಿಂಗಪ್ಪಾರು ಅದಾರೇನ್ರಿ?" ಎಂದು ಹೊಸ್ತಿಲಾಚೆ ನಿಂತೇ ಕೇಳಿದರು. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡಿದ್ದರು, ಪರರ ಕೂಸನ್ನು ಹಿಡಿದುಕೊಂಡವರ ಹಾಗೆ.

"ಇಲ್ಲ. ತೀರ್ಕಂಡು ಮೂರು ವರ್ಷ ಆತು."

"ಅಯ್ಯೋ. ಮತ್ತೆ ಈಗ ಭುಜ ಗಿಜ ಯಾರು ನೋಡ್ತಾರೆ?"

"ನಾನೇ."

ಅವರು ನನ್ನನ್ನು ನೋಡಿದರು. ಒಳಗೆ ಉಣ್ಣೆ ನೂಲುತ್ತಿದ್ದ ನಮ್ಮಜ್ಜಿ ಮುದ್ದಕ್ಕನನ್ನು ನೋಡಿದರು. ಆಮೇಲೆ ಬೇವಿನ ಮರದ ಕೆಳಗೆ ನಿಂತಿದ್ದ ತಮ್ಮ ಬಸ್ಸಿನ ಕಡೆ ನೋಡಿದರು. ಓಡಿಹೋಗಲು ದಾರಿ ಹುಡುಕುತ್ತಿದ್ದಾರೆ ಎಂದು ನನಗೆ ನಗು ಬಂತು.

"ಏನಪ್ಪ, ಬರೋದಾದ್ರೆ ಬಾ, ಹೋಗೋದಾದ್ರೆ ಹೋಗು," ಎಂದಳು ಅಜ್ಜಿ. "ಬಾಗ್ಲಾಗೆ ನಿಂತ್ರೆ ನಮಗೆ ಬೆಳಕು ಬರಲ್ಲ."

ಅದು ಎಪ್ಪತ್ನಾಲ್ಕನೇ ಇಸವಿಯ ಕಾರ್ತಿಕ ಮಾಸದ ಒಂದು ಭಾನುವಾರ. ಹೊಸದುರ್ಗದಿಂದ ನಮ್ಮ ಮತ್ತೋಡಿನ ಮೇಲೆ ಹಿರಿಯೂರಿಗೆ ಹೋಗುವ ಪ್ರೈವೇಟ್ ಬಸ್ಸಿಗೆ ಅವರು ಡ್ರೈವರ್. ಇಂಜಿನ್ ತಣ್ಣಗಾಗಲಿ ಎಂದು ಬಸ್ಸು ನಮ್ಮೂರಲ್ಲಿ ಅರ್ಧ ಗಂಟೆ ನಿಲ್ಲುತ್ತಿತ್ತು. ಭುಜ ಹಿಡಿದುಕೊಂಡು ತಿಂಗಳಾಗಿತ್ತು. ಕೈ ಕಿವಿಯ ಮಟ್ಟಕ್ಕೆ ಏರುತ್ತಿರಲಿಲ್ಲ. ಹೀಗೇ ಇದ್ದರೆ ಬೇರೆ ಡ್ರೈವರನ್ನು ನೋಡಿಕೊಳ್ಳುತ್ತೇನೆ ಎಂದು ಮಾಲೀಕ ಹೇಳಿದ್ದನಂತೆ.

ಅವರ ಟವೆಲನ್ನೇ ಭುಜದ ಮೇಲೆ ಹೊದಿಸಿ, ಅದರ ಮೇಲಿಂದ ಎರಡೂ ಅಂಗೈ ಇಟ್ಟು ಕೂತೆ. ಗಂಡಸರಿಗೆ ಹಾಗೆಯೇ ನೋಡುತ್ತಿದ್ದೆ, ಬಟ್ಟೆಯ ಮೇಲಿಂದ, ಅಜ್ಜಿಯ ಕಣ್ಣೆದುರಿಗೆ.

"ಎಳೆಯಲ್ವೇನ್ರಿ?"

"ಇಲ್ಲ."

"ತಿಕ್ಕೋದು?"

"ಅದೂ ಇಲ್ಲ."

"ಮತ್ತೇನ್ರಿ ಮಾಡ್ತಿದೀರಿ?"

"ಹೆದರಬ್ಯಾಡ ಅಂತ ನಿಮ್ಮ ಭುಜಕ್ಕೆ ಹೇಳ್ತಿದೀನಿ. ನೀವು ನಡುವೆ ಮಾತಾಡಿದ್ರೆ ಅದಕ್ಕೆ ಕೇಳ್ಸಲ್ಲ."

ಅವರು ಬಾಯಿ ಮುಚ್ಚಿಕೊಂಡರು. ಕತ್ತು ಮಾತ್ರ ಸ್ವಲ್ಪ ಓರೆ ಮಾಡಿ, ನಾನು ತಮಾಷೆ ಮಾಡುತ್ತಿದ್ದೇನೋ ನಿಜ ಹೇಳುತ್ತಿದ್ದೇನೋ ಎಂದು ಓರೆಗಣ್ಣಿನಲ್ಲಿ ನೋಡಿದರು. ಹೆಸರು ಉಗ್ರಪ್ಪ, ಕಣ್ಣು ನೋಡಿದರೆ ಆಗ ತಾನೇ ಹುಟ್ಟಿದ ಕರುವಿನದು. ಸ್ವಲ್ಪ ಹೊತ್ತಿಗೆ ಟವೆಲಿನ ಕೆಳಗೆ ಬಿಸಿ ಏರಿತು. ಅವರು ನಿಡಿದಾದ ಉಸಿರು ಬಿಟ್ಟರು.

ಹೊರಡುವಾಗ ಎಲ್ಲರೂ ಎಲ್ಲ ಮನೆಯಲ್ಲೂ ಹೇಳುವಂತೆ "ಬರ್ತೀನ್ರಿ" ಎಂದರು. ಅಜ್ಜಿ ನೂಲುವ ಕದಿರು ಕೆಳಗಿಟ್ಟಳು.

"ಇಲ್ಲಿ ಹಂಗನ್ನಬಾರದು ಕಣಪ್ಪ. ಸುಮ್ನೆ ಎದ್ದು ಹೋಗ್ಬೇಕು. ಮೂರು ಭಾನುವಾರ ಬಾ. ವಾಸಿ ಆದ್ಮ್ಯಾಲೆ ಈ ಹೊಸ್ತಿಲು ತುಳೀಬ್ಯಾಡ. ತುಳಿದ್ರೆ ಬಿಟ್ಟು ಹೋದ ನೋವು ಹಿಂದೇನೇ ಬರುತ್ತೆ."

ಇದು ನಮ್ಮ ಮನೆಯ ಕಟ್ಟಳೆ. ಅಪ್ಪನ ಕಾಲದಿಂದಲ್ಲ, ಅವರಪ್ಪನ ಕಾಲದಿಂದ. ಊರವರೂ ಅದನ್ನು ತಪ್ಪದೆ ನಡೆಸುತ್ತಿದ್ದರು. ಹಾಗಾಗಿ ನಾನು ಯಾರಿಗೆ ಒಳ್ಳೆಯದು ಮಾಡಿದ್ದೆನೋ ಅವರೆಲ್ಲ ನಮ್ಮ ಬೀದಿ ಬಿಟ್ಟು ಆಚೆ ಬೀದಿಯಲ್ಲಿ ನಡೆಯುತ್ತಿದ್ದರು. ಕೆಂಚಕ್ಕ ಎಂಬ ಮುದುಕಿಯ ಕುತ್ತಿಗೆ ಒಂದು ವರ್ಷ ತಿರುಗುತ್ತಿರಲಿಲ್ಲ. ನಾನು ಸರಿ ಮಾಡಿದೆ. ಆಮೇಲೆ ಬಾವಿಯ ಹತ್ತಿರ ನಾನು ಕಂಡರೆ ಅವಳು ಆ ಕುತ್ತಿಗೆಯನ್ನೇ ಆಚೆ ತಿರುಗಿಸಿಕೊಂಡು ಹೋಗುತ್ತಿದ್ದಳು. ಯಾರ ಮೇಲೂ ಸಿಟ್ಟು ಮಾಡುವ ಹಾಗಿರಲಿಲ್ಲ. ಆದರೂ ಸಂಜೆ ನೀರು ಹೊತ್ತು ತರುವಾಗ ದಾರಿ ಉದ್ದವೆನಿಸುತ್ತಿತ್ತು.

ಈ ಕೆಲಸ ನಾನು ಕಲಿತದ್ದು ಕುರಿ ರೊಪ್ಪದಲ್ಲಿ. ಕಾಲು ಮುರಿದ ಮರಿಗೆ ಅಪ್ಪ ಬಿದಿರ ದಬ್ಬೆ ಕಟ್ಟುವಾಗ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಡಿಯುವವಳು ನಾನು. ಬಿಗಿಯಾಗಿ ಹಿಡಿದರೆ ಮರಿ ಒದೆಯುತ್ತದೆ, ಸಡಿಲ ಬಿಟ್ಟರೆ ಓಡುತ್ತದೆ. ನಡುವೆ ಒಂದು ಹಿಡಿತವಿದೆ. ಅಲ್ಲಿ ಅದು ತಾನಾಗಿ ಉಸಿರು ಬಿಟ್ಟು ಮಲಗುತ್ತದೆ. ಆ ಹಿಡಿತ ಏಳನೇ ವಯಸ್ಸಿಗೇ ನನ್ನ ಕೈಗೆ ಗೊತ್ತಿತ್ತು.

ಹದಿನೆಂಟಕ್ಕೆ ಮದುವೆಯಾಗಿ, ಇಪ್ಪತ್ತಕ್ಕೆ ಗಂಡನನ್ನು ಜ್ವರಕ್ಕೆ ಕಳೆದುಕೊಂಡು ತವರಿಗೆ ಬಂದೆ. ಅಪ್ಪ ತೀರಿಕೊಂಡ ಮೇಲೆ ಮೊದಲು ಬಂದವಳೇ ಆ ಕೆಂಚಕ್ಕ. ಅಪ್ಪನ ಹಾಗೆ ಲಟಕ್ಕನೆ ತಿರುಗಿಸುವ ಧೈರ್ಯ ನನಗಿರಲಿಲ್ಲ, ಬಲವೂ ಇರಲಿಲ್ಲ. ಏನು ಮಾಡಲೂ ತೋಚದೆ ಅವಳ ಕುತ್ತಿಗೆಯ ಮೇಲೆ ಕೈ ಇಟ್ಟುಕೊಂಡು ಕೂತೆ, ಮರಿಯನ್ನು ಹಿಡಿದಂತೆ. ಮೂರನೇ ವಾರ ಅವಳು ಇದ್ದಕ್ಕಿದ್ದಂತೆ ಅತ್ತುಬಿಟ್ಟಳು. "ನನ್ನನ್ನ ಯಾರಾದ್ರೂ ಹಿಂಗೆ ಮುಟ್ಟಿ ಎಷ್ಟು ವರ್ಷ ಆಗಿತ್ತೋ ನಿಂಗಿ," ಎಂದಳು. ಅತ್ತು ಮುಗಿದಾಗ ಕುತ್ತಿಗೆ ತಿರುಗಿತ್ತು.

ಜನ ತೋರಿಸುವುದು ನೋವನ್ನು. ಅದರ ಬೆನ್ನಿಗೆ ನಿದ್ದೆ ಇಲ್ಲದ್ದು, ಊಟ ಸೇರದ್ದು, ಮಾತಾಡಿಸುವವರಿಲ್ಲದ್ದು ಎಲ್ಲ ಇರುತ್ತದೆ ಎಂದು ಅವತ್ತು ತಿಳಿಯಿತು. ಅಂದಿನಿಂದ ಬಂದವರನ್ನು ಮೊದಲು ಊಟದ ಬಗ್ಗೆ, ನಿದ್ದೆಯ ಬಗ್ಗೆ ಕೇಳುತ್ತಿದ್ದೆ. ನನ್ನನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಊರಲ್ಲಿ ಅರ್ಧ ಜನರ ಮೈ ಮುಟ್ಟಿದವಳು ನಾನು. ನನ್ನ ಕೈಯನ್ನು ಒಂದು ಗಳಿಗೆ ಹಿಡಿದವರಿರಲಿಲ್ಲ.

ಎರಡನೇ ಭಾನುವಾರ ಉಗ್ರಪ್ಪನವರು ತಾವಾಗಿಯೇ ಒಳಗೆ ಬಂದು ಕೂತರು.

"ನಿದ್ದೆ ಹೆಂಗೆ?" ಎಂದೆ.

"ಬಸ್ಸಲ್ಲಿ ಚೆನ್ನಾಗಿ ಬರುತ್ತೆ."

"ಓಡಿಸ್ವಾಗಲಾ?"

"ಛೆ. ನಿಂತಾಗ." ಆಮೇಲೆ ನಿಧಾನಕ್ಕೆ, "ಮನ್ಯಾಗೆ ಬರಲ್ರಿ. ಮೂರು ಜನ ತಂಗಿಯರಿದ್ರು. ಮದ್ವೆ ಮಾಡಿ ಕಳ್ಸೋ ಹೊತ್ತಿಗೆ ನಂದೇ ಮದ್ವೆ ವಯಸ್ಸು ದಾಟಿತ್ತು. ಈಗ ಮನೆ ದೊಡ್ಡದಾಗಿ ಕಾಣುತ್ತೆ," ಎಂದರು.

ಅವರು ನನ್ನ ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ಏನ್ರೀ' ಎನ್ನುತ್ತಿದ್ದರು. ಅಜ್ಜಿ ಒಮ್ಮೆ ಕೆಣಕಿದಳು, "ಅವಳಿಗೆ ನಿಂಗಕ್ಕ ಅಂತ ಹೆಸರೈತೆ ಕಣಪ್ಪ." ಅವರು ಕಿವಿಯವರೆಗೂ ಕೆಂಪಾದರು. "ಗೊತ್ತೈತಜ್ಜಿ. ಕರೆದ್ರೆ ಅಕ್ಕ ಆಗ್ಬಿಡ್ತಾರಲ್ಲ." ನಾನು ನೀರು ಕಾಯಿಸುವ ನೆಪದಲ್ಲಿ ಒಲೆಯ ಕಡೆ ತಿರುಗಿದೆ. ಒಲೆಯಲ್ಲಿ ಬೆಂಕಿಯೇ ಇರಲಿಲ್ಲ.

ಮತ್ತೋಡು ಬಿಟ್ಟು ಆಚೆ ನಾನು ನೋಡಿದ್ದು ಕಡಿಮೆ. ಅವರು ದಾರಿಯಲ್ಲಿ ಕಂಡದ್ದನ್ನೆಲ್ಲ ತಂದು ಹೇಳುತ್ತಿದ್ದರು. ಮಾರಿಕಣಿವೆಯಲ್ಲಿ ನೀರು ಎಷ್ಟು ಏರಿದೆ, ಹೊಳಲ್ಕೆರೆಯ ಬಸ್ಸಿಗೆ ಕಾದು ಕೂತ ಸಿರಿಗೆರೆಯ ಕಾಲೇಜು ಹುಡುಗರು ಟ್ರಂಕಿನ ಮೇಲೆ ಕೂತೇ ಹೇಗೆ ಇಸ್ಪೀಟು ಆಡುತ್ತಾರೆ, ಹಿರಿಯೂರಿನ ಹೋಟೆಲಿನಲ್ಲಿ ಯಾರು ಯಾರ ಜೊತೆ ಜಗಳವಾಡಿದರು.

"ಬಸ್ ಓಡಿಸ್ತೀರೋ, ಇದನ್ನೆಲ್ಲ ನೋಡ್ಕಂಡು ಕುಂತಿರ್ತೀರೋ?"

"ನಿಮಗೆ ಹೇಳ್ಬೇಕಲ್ಲ ಅಂತ ನೋಡ್ತೀನಿ."

ಅಜ್ಜಿ ಕೆಮ್ಮಿದಳು. ಅವಳಿಗೆ ಕೆಮ್ಮು ಇರಲಿಲ್ಲ.

ಮೂರನೇ ಭಾನುವಾರ ಕೈ ಇಟ್ಟ ಕೂಡಲೇ ನನಗೆ ಗೊತ್ತಾಯಿತು. ಭುಜ ಬಿಟ್ಟುಕೊಂಡಿತ್ತು. ಕೀಲು ಮೆತ್ತಗೆ ಓಡಾಡುತ್ತಿತ್ತು. ಸಂತೋಷವಾಗಬೇಕಿತ್ತು. ಬದಲಿಗೆ ಹೊಳೆದದ್ದು ಒಂದೇ: ಇನ್ನು ಇವರು ಬರುವುದಿಲ್ಲ.

"ಹೆಂಗೈತೆ?" ಎಂದು ಕೇಳಿದೆ.

ಅವರು ನೆಲ ನೋಡಿದರು. "ಇನ್ನೂ ನೋವೈತ್ರಿ," ಎಂದರು.

ನನ್ನ ಕೈ ಒಂದು ಹೇಳುತ್ತಿತ್ತು, ಅವರ ಬಾಯಿ ಇನ್ನೊಂದು. ನಾನು ಬಾಯಿಯನ್ನು ನಂಬಿದೆ.

ನಾಲ್ಕನೇ ಭಾನುವಾರ ನೋವು ಕುತ್ತಿಗೆಯ ಕಡೆ ಹೋಗಿತ್ತು. ಆರನೇ ಭಾನುವಾರ ಬೆನ್ನಿಗೆ ಇಳಿದಿತ್ತು. "ಆ ನೋವಿಗೂ ಬಸ್ಸಿನಂಗೆ ರೂಟ್ ಐತೆ ನೋಡು," ಎಂದಳು ಅಜ್ಜಿ. ಅಷ್ಟು ನೋವಿರುವ ಭುಜದಲ್ಲಿ ಆ ಗಟ್ಟಿ ಸ್ಟೇರಿಂಗ್ ಹೇಗೆ ತಿರುಗಿಸುತ್ತಾರೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಮೂರು ವಾರದಲ್ಲಿ ಗುಣವಾಗದಿದ್ದರೆ ನನ್ನ ಕೈಯಲ್ಲಿಲ್ಲ ಎಂದು ಹೇಳಿ ಬೇರೆ ಕಡೆ ಕಳಿಸಬೇಕು, ಅದೂ ಮನೆಯ ಕಟ್ಟಳೆಯೇ. ಅದನ್ನೂ ಹೇಳಲಿಲ್ಲ. ಶನಿವಾರ ಬಂದರೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ.

ಊರ ಬಾಯಿಗೆ ಮುಚ್ಚಳ ಉಂಟೇ? ಎಂಟು ವಾರವಾದರೂ ಡ್ರೈವರನ ಭುಜ ಸರಿಯಾಗಲಿಲ್ಲ, ನಿಂಗಿಯ ಕೈಗುಣ ಹೋಯಿತು ಎಂದು ಮಾತು ಹಬ್ಬಿತು. ನಮ್ಮ ಪಕ್ಕದ ಬೋರಣ್ಣನೇ ಕಾಲು ಉಳುಕಿದಾಗ ನನ್ನ ಬಾಗಿಲು ದಾಟಿ ಹೋಗಿ ಹಿರಿಯೂರಿನ ಬಸ್ಸು ಹತ್ತಿದ. ಅದು ನೋಯಲಿಲ್ಲ ಎಂದರೆ ಸುಳ್ಳು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಆಯಿತು. ಒಬ್ಬಳು ಬಾಣಂತಿ ಸೊಂಟ ಹಿಡಿದುಕೊಂಡು ಬಂದಳು. ಕೈ ಇಟ್ಟೆ. ಕೈ ಏನೋ ಹೇಳಿತು. ನಿಜವೋ ಅಲ್ಲವೋ ಗೊತ್ತಾಗಲಿಲ್ಲ. ವಾಸಿಯಾಗಿದ್ದ ಭುಜ ವಾಸಿಯಾಗಿಲ್ಲ ಎನ್ನುವುದಾದರೆ ಈ ಕೈ ಹೇಳುವುದರಲ್ಲಿ ಯಾವುದನ್ನು ನಂಬಲಿ? "ನನಗೆ ತಿಳೀತಿಲ್ಲ ಕಣವ್ವ, ಆಸ್ಪತ್ರೆಗೆ ಹೋಗು," ಎಂದು ಕಳಿಸಿ, ಹಿತ್ತಲಲ್ಲಿ ಕೂತು ಅತ್ತೆ.

ಅದೇ ವಾರ ಚಿತ್ರದುರ್ಗದಿಂದ ಒಬ್ಬ ಡಾಕ್ಟರಮ್ಮ ಬಂದರು. ಕೆಂಚಕ್ಕನ ಮಗ ಅವರಲ್ಲಿ ಜವಾನ. ತಾಯಿಯ ಕುತ್ತಿಗೆಯ ಕಥೆ ಅವನೇ ಹೇಳಿದ್ದಂತೆ. ಕೋಟೆಯ ಕೆಳಗೆ ಪ್ರಕೃತಿ ಚಿಕಿತ್ಸೆಯ ಸಣ್ಣ ಆಸ್ಪತ್ರೆ ಅವರದು. ಊಟ, ನೀರು, ಎಣ್ಣೆ, ವಿಶ್ರಾಂತಿ, ಮಾತು ಎಲ್ಲ ಸೇರಿಸಿ ಮನುಷ್ಯನನ್ನು ಇಡಿಯಾಗಿ ನೋಡಬೇಕು ಎನ್ನುವವರು. ನಾನು ಒಬ್ಬಳೇ ಕತ್ತಲಲ್ಲಿ ತಡಕಿದ್ದಕ್ಕೆ ಅವರಲ್ಲಿ ಒಂದು ದಾರಿಯೇ ಇತ್ತು. ಅವರು ತಮ್ಮ ಮಣಿಕಟ್ಟನ್ನು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿದರು.

"ಇಂಥ ಕೈ ನನಗೆ ಬೇಕು," ಎಂದರು ಕಣ್ಣು ತೆರೆದು. "ನೀವೂ ಅಜ್ಜಿಯೂ ಬನ್ನಿ. ಅಲ್ಲೇ ಇರಿ. ಉಳಿದದ್ದು ನಾನು ಕಲಿಸ್ತೀನಿ."

ನನಗೆ ಖುಷಿಗೆ ಹಾರಬೇಕು ಅನ್ನಿಸಿತು. ಆದರೆ ಬಾಯಿಗೆ ಬಂದದ್ದು ಬೇರೆ. "ಈ ಕೈ ಈಗ ಕೆಲಸ ಮಾಡಲ್ಲ ಡಾಕ್ಟರಮ್ಮ. ಒಬ್ಬರದು ಹತ್ತು ವಾರದಿಂದ ವಾಸಿಯಾಗಿಲ್ಲ."

ಅವರು ನನ್ನನ್ನೇ ನೋಡಿದರು. "ಶಿವರಾತ್ರಿಯೊಳಗೆ ಹೇಳಿ. ಕೈ ಮೇಲೆ ನಿಮಗೇ ನಂಬಿಕೆ ಇಲ್ಲದಿದ್ರೆ ನಾನು ಕರ್ಕೊಂಡು ಹೋಗಿ ಏನು ಮಾಡ್ಲಿ?"

ಹನ್ನೊಂದನೇ ಭಾನುವಾರ ಉಗ್ರಪ್ಪನವರು ಬಂದು ಕೂತು ಟವೆಲ್ ತೆಗೆದರು. ನಾನು ಕೈ ಇಡಲಿಲ್ಲ.

"ನಿಮ್ಮದು ನನ್ನ ಕೈಯಲ್ಲಿಲ್ಲ. ಎಂಟು ವಾರದ ಹಿಂದೇನೇ ಹೇಳ್ಬೇಕಿತ್ತು. ದೊಡ್ಡ ಆಸ್ಪತ್ರೆಗೆ ತೋರಿಸ್ರಿ. ಇನ್ಮೇಲೆ ನಾನು ಯಾರನ್ನೂ ನೋಡಲ್ಲ." ದುರ್ಗದ ಡಾಕ್ಟರಮ್ಮ ಬಂದು ಕರೆದದ್ದನ್ನೂ, ಹೋಗಲಾರೆ ಎಂದು ತೀರ್ಮಾನಿಸಿದ್ದನ್ನೂ ಹೇಳಿದೆ.

ಅವರು ಟವೆಲನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

"ಭುಜ ವಾಸಿಯಾಗೈತ್ರಿ."

"ಯಾವಾಗ?"

"ಮೂರನೇ ಭಾನುವಾರ."

ಅಜ್ಜಿಯ ಕದಿರು ನಿಂತಿತು.

"ವಾಸಿ ಆತು ಅಂದ್ರೆ ಹೊಸ್ತಿಲು ತುಳೀಬಾರದು ಅಂದ್ರಲ್ಲ ಅಜ್ಜಿ. ಅದಕ್ಕೆ ಹೇಳ್ಲಿಲ್ಲ. ಇಲ್ಲಿ ಬಂದು ಕುಂತ್ರೆ... ವಾರ ಪೂರ್ತಿ ಈ ಅರ್ಧ ಗಂಟೆಗೆ ಕಾಯ್ತಿದ್ದೆ. ನಿಮ್ಮನ್ನ ಕಂಡ್ರೆ ನನಗೆ ಪ್ರಾಣ. ನಿಮ್ಮ ಕೈಗೆ ಹಿಂಗಾಗುತ್ತೆ ಅಂತ ಹೊಳೀಲಿಲ್ಲ."

ಇಂಥ ಮಾತನ್ನು ನನ್ನ ಜೀವಮಾನದಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಆದರೆ ನನ್ನ ಕಿವಿಗೆ ಮೊದಲು ಬಿದ್ದದ್ದು ಅದಲ್ಲ. ಕೈ ಸುಳ್ಳು ಹೇಳಿರಲಿಲ್ಲ! ಅದೊಂದೇ ತಲೆಯಲ್ಲಿ ಗುಂಯ್ ಎನ್ನುತ್ತಿತ್ತು. ಹಿಂದೆಯೇ ಸಿಟ್ಟು ಬಂತು.

"ಎರಡು ತಿಂಗಳು ನನ್ನ ಕೈ ನೋಡ್ಕಂಡು ಅತ್ತಿದೀನಿ. ಒಬ್ಬ ಬಾಣಂತೀನ ಹಂಗೇ ಕಳ್ಸಿದೀನಿ. ಗೊತ್ತೇನ್ರಿ ನಿಮಗೆ?"

"ಊರೆದುರಿಗೆ ಹೇಳ್ತೀನಿ. ತಪ್ಪು ನಂದು ಅಂತ."

"ಹೇಳು ಹೇಳು," ಎಂದಳು ಅಜ್ಜಿ. "ಗಂಡ ಸತ್ತೋಳ ಮನ್ಯಾಗೆ ಕುಂತ್ಕಳಾಕೆ ಎಂಟು ವಾರ ಸುಳ್ಳು ನೋವು ಹೇಳ್ದೆ ಅಂತ. ಕೈ ಉಳೀತದೆ, ಇವಳ ಹೆಸರು ಉಳೀತದಾ?"

ಅದು ನಿಜವಾಗಿತ್ತು. ಕೈಯನ್ನು ತೊಳೆದರೆ ಹೆಸರಿಗೆ ಮಸಿ, ಹೆಸರನ್ನು ಕಾಪಾಡಿದರೆ ಕೈಗೆ ಮಸಿ. ಹೊರಗೆ ಕಂಡಕ್ಟರ್ ದಾಸಣ್ಣ ಸೀಟಿ ಊದಿದ.

"ನಮ್ಮಲ್ಲಿ ಸೀರೆ ಉಡಿಕೆ ಐತಲ್ಲಜ್ಜಿ," ಎಂದರು ಅವರು ತಲೆ ಎತ್ತದೆ. ಗಂಡ ಸತ್ತವಳಿಗೆ ಸೀರೆ ಕೊಟ್ಟು ಮತ್ತೆ ಮನೆ ತುಂಬಿಸಿಕೊಳ್ಳುವುದು ನಮ್ಮ ಕುಲದಲ್ಲಿ ಉಂಟು. "ಇವರು ಒಪ್ಪಿದ್ರೆ ಉಡಿಸ್ಕಂಡು ಹೋಗ್ತೀನಿ. ಆಗ ಯಾರು ಏನಂತಾರೆ?"

ಎಂಟು ವಾರ ನಾನು ಕನಸು ಕಂಡ ಮಾತು ಅದು. ಇಂಥ ಹೊತ್ತಲ್ಲಿ, ಇಂಥ ಕಾರಣಕ್ಕೆ ಬಂತು.

"ಮಸಿ ಒರೆಸಾಕೆ ಅಂತ ಸೀರೆ ತರಬ್ಯಾಡ್ರಿ," ಎಂದೆ. "ಹೋಗಿ ಊರಿಗೆ ಹೇಳ್ರಿ. ಹೆಸರು ಹೋದ್ರೆ ಹೋಗ್ಲಿ. ಕೈ ನನಗೆ ಬೇಕು."

ಅವರು ಎದ್ದರು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು. ವಾಸಿಯಾದವರು ಹೋಗುವ ಹಾಗೆ ಏನೂ ಹೇಳದೆ ಹೋದರು.

ಆಮೇಲೆ ನಡೆದದ್ದನ್ನು ಬಂದು ಹೇಳಿದವನು ಬೋರಣ್ಣ. ಟೀ ಅಂಗಡಿಯ ಮುಂದೆ ಜನ ನೋಡುತ್ತಿದ್ದಂತೆ ಅವರು ಸ್ಟೆಪ್ನಿ ಟೈರನ್ನು ಬಲಭುಜದ ಮೇಲೆ ಹೊತ್ತು, ಏಣಿ ಹತ್ತಿ ಬಸ್ಸಿನ ಟಾಪಿಗೆ ಹಾಕಿದರಂತೆ. "ನಿಂಗಕ್ಕಾರು ಮೂರೇ ವಾರಕ್ಕೆ ವಾಸಿ ಮಾಡಿದ್ರು. ಇಲ್ಲ ಅಂತ ಸುಳ್ಳು ಹೇಳಿದ್ದು ನಾನು. ಅವರಿಗೆ ಏನೂ ಗೊತ್ತಿಲ್ಲ. ಅನ್ನೋದಿದ್ರೆ ನನಗನ್ನಿ," ಎಂದರಂತೆ. ಜನ ನಕ್ಕರು. ನನಗೂ ಅಂದರು, ಬಿಡುತ್ತಾರೆಯೇ? ಆದರೆ ನಗುತ್ತಲೇ ಬೋರಣ್ಣ ತನ್ನ ಕಾಲನ್ನು ನನ್ನ ಮುಂದೆ ಚಾಚಿದ. ನಾನು ಆ ಬಾಣಂತಿಗೆ ಹೇಳಿ ಕಳಿಸಿದೆ. ಕೈ ಇಟ್ಟೆ, ಅದು ಹೇಳಿದ್ದನ್ನು ಕೇಳಿದೆ.

ಶಿವರಾತ್ರಿಗೆ ಮುಂಚೆಯೇ ಅಜ್ಜಿಯನ್ನು ಕರೆದುಕೊಂಡು ದುರ್ಗಕ್ಕೆ ಹೋದೆ. ಅವರ ಬಸ್ಸು ಬಿಟ್ಟು ಎತ್ತಿನ ಗಾಡಿಯಲ್ಲಿ ಹೊಸದುರ್ಗ ಸೇರಿ, ಹೊಳಲ್ಕೆರೆಯ ಮೇಲೆ ಹೋದೆವು.

ಡಾಕ್ಟರಮ್ಮ ಮೂಳೆಗಳ ಹೆಸರು ಕಲಿಸಿದರು. ಯಾವ ಎಣ್ಣೆ ಯಾರಿಗೆ, ಉಪವಾಸ ಯಾರಿಗೆ ಕೂಡದು, ಉಸಿರನ್ನು ನೋಡಿ ಮನಸ್ಸನ್ನು ಹೇಗೆ ತಿಳಿಯುವುದು, ಎಲ್ಲ. ಮತ್ತೋಡಿನಲ್ಲಿ ಏಳನೇ ಕ್ಲಾಸು ಓದಿದವಳು ನೋಟ್‌ಬುಕ್ಕು ತುಂಬಿಸಿದೆ. ಇಲ್ಲಿ ಹೊಸ್ತಿಲಿನ ಕಟ್ಟಳೆ ಇರಲಿಲ್ಲ. ವಾಸಿಯಾದವರು ಹಣ್ಣು ಹಿಡಿದುಕೊಂಡು ಮಾತಾಡಿಸಲು ಬರುತ್ತಿದ್ದರು. ನಾನು ಬಯಸಿದ್ದೆಲ್ಲ ಸಿಕ್ಕಿತ್ತು. ಭಾನುವಾರ ಮಾತ್ರ ಕಳೆಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಬಸ್ಸಿನ ಹಾರನ್ ಕೇಳಿದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಹಾಗೆ ಕಳಿಸಬಾರದಿತ್ತು ಎಂದು ಒಂದು ವಾರ, ಕಳಿಸಿದ್ದೇ ಸರಿ ಎಂದು ಒಂದು ವಾರ.

ಆಷಾಢ ಕಳೆದು ಶ್ರಾವಣದ ಮೊದಲ ಭಾನುವಾರ. ಬೆಂಚಿನ ಮೇಲೆ ಐದು ಜನ ಕೂತಿದ್ದರು. "ಮುಂದಿನವರು ಬರ್ರಿ," ಎಂದು ತಲೆ ಎತ್ತದೆ ಕರೆದೆ. ಬಂದು ಸ್ಟೂಲಿನ ಮೇಲೆ ಕೂತವರ ಚಪ್ಪಲಿ ಕಂಡಿತು. ಅದಕ್ಕೆ ಆಯಿಲ್ ಕಲೆ ಮೆತ್ತಿತ್ತು. ನನಗೆ ತಲೆ ಎತ್ತಲು ಆಗಲಿಲ್ಲ.

"ಎಲ್ಲಿ ನೋವು?" ಎಂದೆ.

"ಎಲ್ಲೂ ಇಲ್ಲ."

ತಲೆ ಎತ್ತಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಆಗ ತಾನೇ ಬಾಚಿದ ತಲೆ. ಸ್ವಲ್ಪ ಬಡವಾಗಿದ್ದರು. ಕಣ್ಣು ಮಾತ್ರ ಅದೇ ಕಣ್ಣು, ಆದರೆ ಈಗ ಓಡಿಹೋಗಲು ದಾರಿ ಹುಡುಕುತ್ತಿರಲಿಲ್ಲ.

"ನೋವಿಲ್ದೆ ಯಾಕೆ ಬಂದ್ರಿ?"

"ನಿಮ್ಮನ್ನ ನೋಡಾಕೆ. ಏನಂತ ಹೇಳ್ಕಂಡು ಬರ್ಲಿ ಅಂತ ಆರು ತಿಂಗಳು ಯೋಚ್ನೆ ಮಾಡ್ದೆ. ಹೇಳ್ಕಳಾಕೆ ಏನೂ ಸಿಗ್ಲಿಲ್ಲ. ಹಂಗೇ ಬಂದೆ."

ಬೆಂಚಿನ ಮೇಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನೋಡಲಿ ಎನ್ನಿಸಿತು.

"ಮೂರನೇ ಭಾನುವಾರನೇ ಗೊತ್ತಾಗಿತ್ತು ನನಗೆ, ನಿಮ್ಮ ಭುಜ ವಾಸಿಯಾಗಿದ್ದು," ಎಂದೆ ಮೆಲ್ಲಗೆ. "ಕೈ ಹೇಳಿತ್ತು. ನೀವು ಬರೋದು ತಪ್ಪುತ್ತೆ ಅಂತ ನಾನೇ ಕೇಳಿಸ್ಕಳ್ಲಿಲ್ಲ. ತಪ್ಪು ನಿಮ್ಮೊಬ್ಬರದೇ ಅಲ್ಲ."

ಅವರು ನನ್ನ ಎಣ್ಣೆಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು, ಬಿಗಿಯಾಗಿಯೂ ಅಲ್ಲ, ಸಡಿಲವಾಗಿಯೂ ಅಲ್ಲ. ನನ್ನ ಕಣ್ಣು ತುಂಬಿ ಬಂತು.

"ಇನ್ನೂ ನಾಲ್ಕು ಜನ ಅದಾರೆ," ಎಂದೆ ಸ್ವಲ್ಪ ಹೊತ್ತಿಗೆ.

"ನೋಡ್ರಿ. ಕಾಯ್ತೀನಿ."

"ಬಸ್ಸು?"

"ಇವತ್ತು ರಜಾ ಹಾಕೀನಿ."

ಅವರು ಬೆಂಚಿನ ತುದಿಗೆ ಹೋಗಿ ಕೂತರು. ಅಜ್ಜಿ ಒಳಗಿನಿಂದ ಬಂದು ನೋಡಿ, "ಊಟ ಮಾಡಿದೀಯೇನಪ್ಪ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ನಾನು ನಾಲ್ಕು ಜನರನ್ನೂ ನಿಧಾನವಾಗಿ ನೋಡಿದೆ, ಯಾರಿಗೂ ಒಂದು ಗಳಿಗೆ ಕಡಿಮೆ ಮಾಡಲಿಲ್ಲ. ಕೊನೆಯವರು ಎದ್ದು ಹೋದ ಮೇಲೆ ಕೈ ತೊಳೆದುಕೊಂಡು ತಿರುಗಿ ನೋಡಿದರೆ, ಅವರು ಅಲ್ಲೇ ಕೂತಿದ್ದರು.